ಪಾಲು ಆಯಿತು, ಪಾಲುಪಟ್ಟಿ ಮುಗಿಯಲಿಲ್ಲ: ಬ್ರೆಕ್ಸಿಟ್ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಬ್ರಿಟನ್ ಐರೋಪ್ಯ ಒಕ್ಕೂಟ ಬಿಡಬೇಕೆಂದು ಮತ ಹಾಕಿದ್ದು 2016ರಲ್ಲಿ, ಬಿಟ್ಟಿದ್ದು 2020ರಲ್ಲಿ. ನಮ್ಮಲ್ಲಿ ಫಲಿತಾಂಶ ಬಂದ ಮೇಲೆ ಸೋತವರು ಒಪ್ಪಿಕೊಂಡು ಸುಮ್ಮನಾಗುತ್ತಾರೆ. ಅಲ್ಲಿ ಮಾತ್ರ ಜಗಳ ಯಾಕೆ ಇನ್ನೂ ಮುಗಿದಿಲ್ಲ?
– ಪದವಿ ವಿದ್ಯಾರ್ಥಿನಿ, ದಾವಣಗೆರೆ

ಉತ್ತರ: ಜಗಳದ ಬೇರು ಆ ದಿನ ಕೇಳಿದ ಪ್ರಶ್ನೆಯಲ್ಲೇ ಇದೆ. 2016ರ ಜೂನ್ 23ರಂದು ಜನರ ಕೈಗೆ ಕೊಟ್ಟ ಮತಪತ್ರದಲ್ಲಿ ಇದ್ದದ್ದು ಎರಡೇ ಸಾಲು: ಒಕ್ಕೂಟದಲ್ಲಿ ಉಳಿಯಬೇಕು, ಇಲ್ಲವೇ ಬಿಡಬೇಕು. ಬಿಟ್ಟು ಎಲ್ಲಿಗೆ ಹೋಗಬೇಕು ಎಂದು ಯಾರೂ ಕೇಳಲಿಲ್ಲ. ಒಟ್ಟು ಕುಟುಂಬದಲ್ಲಿ ಪಾಲಾಗೋಣವೇ ಬೇಡವೇ ಎಂದು ಮಾತ್ರ ಕೈ ಎತ್ತಿಸಿ, ಬಾವಿ ಯಾರಿಗೆ, ಗದ್ದೆಗೆ ಹೋಗುವ ದಾರಿ ಯಾರದ್ದು ಎಂಬ ಮಾತೇ ಎತ್ತದಿದ್ದರೆ ಮುಂದೇನಾಗುತ್ತದೆ ಎಂದು ನಿಮ್ಮ ಊರಿನ ಯಾವ ಹಿರಿಯರನ್ನು ಕೇಳಿದರೂ ಹೇಳುತ್ತಾರೆ.

ಬಿಡಬೇಕು ಎಂದವರು ಶೇ 51.9, ಉಳಿಯಬೇಕು ಎಂದವರು ಶೇ 48.1. ಈ ಅಂತರಕ್ಕಿಂತ ಊರಿಂದ ಊರಿಗಿದ್ದ ಅಂತರ ದೊಡ್ಡದು. ಲಂಡನ್ನಿನ ಥೇಮ್ಸ್ ದಂಡೆಯಲ್ಲಿ ನಮ್ಮ ಬಸವಣ್ಣನವರ ಪ್ರತಿಮೆ ಇದೆಯಲ್ಲ, ಅದು ಇರುವುದು ಲ್ಯಾಂಬೆತ್ ಎಂಬ ಆಡಳಿತ ಪ್ರದೇಶದಲ್ಲಿ. ಅಲ್ಲಿ ನೂರಕ್ಕೆ 78 ಮಂದಿಗೂ ಹೆಚ್ಚು ಜನ ಉಳಿಯೋಣ ಎಂದರು. ಪೂರ್ವ ಯುರೋಪಿನ ಕೂಲಿಕಾರರು ತರಕಾರಿ ಹೊಲಗಳಿಗೆ ಸಾವಿರಗಟ್ಟಲೆ ಬಂದು ನೆಲೆಸಿದ್ದ ಲಿಂಕನ್‌ಶೈರ್‌ನ ಬಾಸ್ಟನ್‌ನಲ್ಲಿ ನೂರಕ್ಕೆ 75 ಮಂದಿ ಬಿಡೋಣ ಎಂದರು. ಸ್ಕಾಟ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಉಳಿಯುವ ಕಡೆ, ಇಂಗ್ಲೆಂಡ್ ಮತ್ತು ವೇಲ್ಸ್ ಬಿಡುವ ಕಡೆ. ಬಾಸ್ಟನ್ನಿನ ಜನ ತಿಳಿಗೇಡಿಗಳು ಎನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಕೆಲವೇ ವರ್ಷಗಳಲ್ಲಿ ಊರಿನ ಶಾಲೆ, ಬಾಡಿಗೆ, ಆಸ್ಪತ್ರೆಯ ಸಾಲು ಎಲ್ಲ ಬದಲಾದದ್ದನ್ನು ಅವರು ಕಣ್ಣಾರೆ ಕಂಡಿದ್ದರು. ಅದನ್ನು ಕೇಳಿಸಿಕೊಳ್ಳುವವರು ಇರಲಿಲ್ಲ.

ಇನ್ನು 'ಬಿಡುವುದು' ಎಂಬ ಒಂದೇ ಮಾತಿಗೆ ಹಲವು ಅರ್ಥಗಳಿದ್ದವು. ನಾರ್ವೆ ಒಕ್ಕೂಟದ ಸದಸ್ಯ ಅಲ್ಲ, ಆದರೂ ಅದರ ಏಕ ಮಾರುಕಟ್ಟೆಯಲ್ಲಿದೆ, ಅಂದರೆ ಎಲ್ಲ ದೇಶಗಳೂ ಒಂದೇ ನಿಯಮದಡಿ ವ್ಯಾಪಾರ ಮಾಡುವ ವ್ಯವಸ್ಥೆಯಲ್ಲಿದೆ. ಅಲ್ಲಿನ ನಿಯಮ ಪಾಲಿಸುತ್ತದೆ, ಜನರ ಮುಕ್ತ ಸಂಚಾರವನ್ನೂ ಒಪ್ಪಿದೆ. ಟರ್ಕಿಗೆ ಇರುವುದು ಕಸ್ಟಮ್ಸ್ ಯೂನಿಯನ್ ಮಾತ್ರ, ಅಂದರೆ ತಮ್ಮೊಳಗೆ ಸುಂಕವಿಲ್ಲ, ಹೊರಗಿನ ಸರಕಿಗೆ ಎಲ್ಲರದ್ದೂ ಒಂದೇ ಸುಂಕ. ಕೆನಡಾದ್ದು ಬರೀ ವ್ಯಾಪಾರ ಒಪ್ಪಂದ. ಬಿಡಬೇಕೆಂದು ಮತ ಹಾಕಿದ 1.74 ಕೋಟಿ ಜನರ ಮನಸ್ಸಿನಲ್ಲಿ ಈ ಮೂರೂ ಇದ್ದವು. ಹಾಗಾಗಿ ಪ್ರಧಾನಿ ಥೆರೇಸಾ ಮೇ ತಂದ ಒಪ್ಪಂದವನ್ನು 2019ರ ಜನವರಿಯಲ್ಲಿ ಸಂಸತ್ತು 432–202 ಮತಗಳಿಂದ ತಿರಸ್ಕರಿಸಿತು. ಯುರೋಪಿಗೆ ತೀರಾ ಹತ್ತಿರವಾಯಿತು ಎಂದವರೂ ತೀರಾ ದೂರವಾಯಿತು ಎಂದವರೂ ಸೇರಿಯೇ ಅದನ್ನು ಸೋಲಿಸಿದರು.

ಕೊನೆಗೆ, ಮೇ ನಂತರ ಪ್ರಧಾನಿಯಾದ ಬೋರಿಸ್ ಜಾನ್ಸನ್ ಆರಿಸಿಕೊಂಡದ್ದು ಕೆನಡಾದ ಮಾದರಿ. ಒಪ್ಪಂದ ಕುದುರಿದ್ದು 2020ರ ಡಿಸೆಂಬರ್ 24ಕ್ಕೆ, ಹೊಸ ಗಡಿ ಎದ್ದದ್ದು ಅದಾಗಿ ಒಂದೇ ವಾರಕ್ಕೆ. ಸುಂಕ ಇಲ್ಲ ಎಂದರೆ ತಪಾಸಣೆಯೂ ಇಲ್ಲ ಎಂದು ಎಷ್ಟೋ ಜನ ತಿಳಿದಿದ್ದರು. ಜನವರಿಯಲ್ಲಿ ನೆದರ್ಲೆಂಡ್ಸ್‌ನ ಬಂದರಿನಲ್ಲಿ ಇಳಿದ ಲಾರಿ ಚಾಲಕರ ಬುತ್ತಿಯನ್ನು ಕಸ್ಟಮ್ಸ್ ಸಿಬ್ಬಂದಿ ಬಿಚ್ಚಿಸಿದರು. ಬ್ರೆಡ್ಡಿನ ನಡುವೆ ಹಂದಿಮಾಂಸ ಇದ್ದರೆ ಅದನ್ನು ಕಿತ್ತುಕೊಂಡರು. ಪ್ರಯಾಣಿಕರು ಹೊರದೇಶದ ಮಾಂಸವನ್ನು ಒಕ್ಕೂಟದೊಳಗೆ ತರುವಂತಿಲ್ಲ ಎಂಬುದು ನಿಯಮ. ಬರೀ ಬ್ರೆಡ್ಡನ್ನಾದರೂ ಇಟ್ಟುಕೊಳ್ಳಲೇ ಎಂದು ಒಬ್ಬ ಚಾಲಕ ಕೇಳಿದ್ದು ಡಚ್ ಟೀವಿಯಲ್ಲಿ ಬಂತು, ಅದಕ್ಕೂ ಅವಕಾಶ ಸಿಗಲಿಲ್ಲ.

ಬಾವಿ ಮತ್ತು ದಾರಿಯ ತಕರಾರು ಎದ್ದದ್ದು ಉತ್ತರ ಐರ್ಲೆಂಡಿನಲ್ಲಿ. ಅದು ಬ್ರಿಟನ್ನಿನ ಭಾಗ, ಪಕ್ಕದ ಐರ್ಲೆಂಡ್ ಗಣರಾಜ್ಯ ಒಕ್ಕೂಟದಲ್ಲೇ ಉಳಿದ ಬೇರೆ ದೇಶ. ಆ ದೇಶದ ಜೊತೆ ಅದಕ್ಕಿರುವ ಸುಮಾರು 500 ಕಿಲೋಮೀಟರ್ ಗಡಿಯಲ್ಲಿ ಮತ್ತೆ ಚೆಕ್‌ಪೋಸ್ಟ್ ನೆಟ್ಟರೆ, ದಶಕಗಳ ರಕ್ತಪಾತ ನಿಲ್ಲಿಸಿದ 1998ರ ಶಾಂತಿ ಒಪ್ಪಂದಕ್ಕೇ ಪೆಟ್ಟು ಬೀಳುತ್ತಿತ್ತು. ಹಾಗಾಗಿ ತಪಾಸಣೆಯನ್ನು ಉತ್ತರ ಐರ್ಲೆಂಡ್ ಮತ್ತು ಉಳಿದ ಬ್ರಿಟನ್ ನಡುವಿನ ಸಮುದ್ರಕ್ಕೆ ಸರಿಸಿದರು. ಈಗ ಬ್ರಿಟನ್ನಿನ ಒಂದು ಭಾಗದಿಂದ ಇನ್ನೊಂದು ಭಾಗಕ್ಕೆ ಸರಕು ಹೋಗಲೂ ಕಾಗದಪತ್ರ ಬೇಕು. 2023ರ ವಿಂಡ್ಸರ್ ಒಪ್ಪಂದ ಅದನ್ನು ಸಡಿಲಿಸಿತು, ಪೂರ್ತಿ ತೆಗೆಯಲಿಲ್ಲ.

ಒಕ್ಕೂಟ ಬಿಟ್ಟದ್ದರಿಂದ ದೇಶದ ಉತ್ಪಾದಕತೆ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ ಎಂಬುದು ಸರ್ಕಾರದ ಹಣಕಾಸನ್ನು ಸ್ವತಂತ್ರವಾಗಿ ಲೆಕ್ಕ ಹಾಕುವ ಬ್ರಿಟನ್ನಿನದೇ ಬಜೆಟ್ ಹೊಣೆಗಾರಿಕೆ ಕಚೇರಿಯ ಅಂದಾಜು. ಈ ಲೆಕ್ಕ ನನಗೆ ನಂಬಲರ್ಹವಾಗಿ ಕಾಣುತ್ತದೆ. ನಮ್ಮ ಕಾನೂನನ್ನು ನಾವೇ ಮಾಡಿಕೊಳ್ಳುತ್ತೇವೆ, ಅದಕ್ಕೆ ಬೆಲೆ ತೆತ್ತರೂ ಸರಿ ಎನ್ನುವವರಿಗೆ ಈ ಅಂಕಿಯೊಂದೇ ಉತ್ತರವಾಗುವುದಿಲ್ಲ.

ಪ್ರಶ್ನೆ: ಮಗಳು ಲೀಡ್ಸ್‌ನಲ್ಲಿ ನರ್ಸ್. ವಲಸೆ ತಡೆಯಲು ಬ್ರೆಕ್ಸಿಟ್ ಮಾಡಿದರು ಎನ್ನುತ್ತಾರೆ, ಆದರೆ ಇವಳಿಗೆ ವೀಸಾ ಸಿಕ್ಕಿದ್ದೇ ಆಮೇಲೆ. ಅಲ್ಲಿನ ನಮ್ಮವರೂ ಬಿಡಲು ಮತ ಹಾಕಿದ್ದರಂತೆ, ನಿಜವೇ?
– ನಿವೃತ್ತ ಶಿಕ್ಷಕರು, ಉಡುಪಿ

ಉತ್ತರ: ನಿಜ, ಮೇಷ್ಟ್ರೇ. ಏಷ್ಯಾ ಮೂಲದ ಮತದಾರರಲ್ಲಿ ಸುಮಾರು ಮೂರರಲ್ಲಿ ಒಬ್ಬರು ಬಿಡುವ ಕಡೆಗಿದ್ದರು. ಪೋಲೆಂಡಿನವರು ಟಿಕೆಟ್ ಕೊಂಡು ಬಂದುಬಿಡುತ್ತಾರೆ, ನಮ್ಮೂರಿನ ಅಡುಗೆಯವರನ್ನು ಕರೆಸಲು ಮಾತ್ರ ನೂರೆಂಟು ಷರತ್ತು ಎಂಬ ನೋವು ಅವರಿಗಿತ್ತು. ಒಕ್ಕೂಟ ಬಿಟ್ಟರೆ ಕರಿ ಹೋಟೆಲುಗಳಿಗೆ ದಕ್ಷಿಣ ಏಷ್ಯಾದ ಬಾಣಸಿಗರು ಸಿಗುತ್ತಾರೆ ಎಂದು ಭಾರತೀಯ ಮೂಲದ ಸಚಿವೆ ಪ್ರೀತಿ ಪಟೇಲ್ ಆಗ ಪ್ರಚಾರವನ್ನೇ ಮಾಡಿದ್ದರು.

2021ರ ಜನವರಿಯಿಂದ ಯುರೋಪಿನವರ ಮುಕ್ತ ಸಂಚಾರ ನಿಂತಿತು, ಕೆಲಸ, ಸಂಬಳ, ಇಂಗ್ಲಿಷ್ ಜ್ಞಾನಕ್ಕೆ ಅಂಕ ಕೊಟ್ಟು ವೀಸಾ ನೀಡುವ ಒಂದೇ ಪದ್ಧತಿ ಎಲ್ಲ ದೇಶದವರಿಗೂ ಬಂತು. ಆಸ್ಪತ್ರೆಗಳಿಗೆ ಜನ ಬೇಕಿತ್ತು, ವಿಶ್ವವಿದ್ಯಾಲಯಗಳಿಗೆ ಶುಲ್ಕ ಬೇಕಿತ್ತು. ಹೀಗೆ ಯುರೋಪಿನ ಬಾಗಿಲು ಮುಚ್ಚಿ ಭಾರತ, ನೈಜೀರಿಯಾಗಳ ಬಾಗಿಲು ತೆರೆದಂತಾಯಿತು. ಜನಮತಗಣನೆಯ ವೇಳೆಗೆ ವರ್ಷಕ್ಕೆ ಮೂರು ಲಕ್ಷದ ಆಸುಪಾಸಿನಲ್ಲಿದ್ದ ನಿವ್ವಳ ವಲಸೆ (ಬಂದವರಲ್ಲಿ ದೇಶ ಬಿಟ್ಟವರನ್ನು ಕಳೆದ ಸಂಖ್ಯೆ) 2023ರ ಜೂನ್‌ಗೆ ಮುಗಿದ ವರ್ಷದಲ್ಲಿ ಒಂಬತ್ತು ಲಕ್ಷ ದಾಟಿತು. ವಲಸೆ ಕಡಿಮೆಯಾಗಲೆಂದೇ ಮತ ಹಾಕಿದ ಬಾಸ್ಟನ್ನಿನಂಥ ಊರುಗಳಿಗೆ ಇದು ಮೋಸದಂತೆ ಕಂಡದ್ದು ಸಹಜ. ವಲಸೆಗೆ ಕಡಿವಾಣ ಹಾಕಬೇಕೆನ್ನುವ ರಿಫಾರ್ಮ್ ಪಕ್ಷಕ್ಕೆ ಇಂದು ಸಿಗುತ್ತಿರುವ ಬೆಂಬಲದಲ್ಲಿ ಈ ಸಿಟ್ಟಿನ ಪಾಲು ದೊಡ್ಡದು.

ಆಮೇಲೆ ಸರ್ಕಾರ ನಿಯಮ ಬಿಗಿ ಮಾಡಿತು, ಸಂಖ್ಯೆಯೂ ಇಳಿಯಿತು. ಮಗಳು ಗಮನಿಸಬೇಕಾದ್ದು ಕಾಯಂ ವಾಸದ ಅರ್ಹತೆಯನ್ನು. ಐದು ವರ್ಷದ ಬದಲು ಸಾಮಾನ್ಯವಾಗಿ ಹತ್ತು ವರ್ಷ ಆಗಬೇಕು ಎಂದು 2025ರ ಮೇ ತಿಂಗಳ ಶ್ವೇತಪತ್ರ ಪ್ರಸ್ತಾಪಿಸಿದೆ. ಪಕ್ಕದ ಮನೆಯವರ ಮಾತು ಕೇಳಿ ನಿರ್ಧಾರ ಮಾಡುವುದು ಬೇಡ. ಅಲ್ಲಿನ ಸರ್ಕಾರದ ವೆಬ್‌ಸೈಟ್ ನೋಡುತ್ತಿರಲು ಹೇಳಿ.

ಪ್ರಶ್ನೆ: ಬ್ರಿಟನ್ ಮತ್ತೆ ಒಕ್ಕೂಟ ಸೇರಬಹುದೇ?
– ಮೈಸೂರು

ಉತ್ತರ: ಸೇರಬಹುದು, ಆದರೆ ಹೊಸಬರಂತೆ ಅರ್ಜಿ ಹಾಕಬೇಕು, 27 ದೇಶಗಳೂ ಒಪ್ಪಬೇಕು. ಬಿಟ್ಟದ್ದು ತಪ್ಪಾಯಿತು ಎನ್ನುವವರೇ ಈಚಿನ ಸಮೀಕ್ಷೆಗಳಲ್ಲಿ ಹೆಚ್ಚು. ಆದರೂ 2024ರಲ್ಲಿ ಗೆದ್ದ ಲೇಬರ್ ಪಕ್ಷ ಏಕ ಮಾರುಕಟ್ಟೆಗಾಗಲಿ ಕಸ್ಟಮ್ಸ್ ಯೂನಿಯನ್ನಿಗಾಗಲಿ ಮರಳುವುದಿಲ್ಲ ಎಂದೇ ಮತ ಕೇಳಿತ್ತು.

ಪ್ರಶ್ನೆ: ನಮ್ಮ ಘಟಕ ವಿನೆಗರ್‌ನಲ್ಲಿ ಹಾಕಿದ ಮಿಡಿಸೌತೆಯನ್ನು ಡ್ರಮ್‌ಗಳಲ್ಲಿ ನೆದರ್ಲೆಂಡ್ಸ್‌ಗೆ ಕಳಿಸುತ್ತದೆ. ಅಲ್ಲಿನ ವರ್ತಕರು ಬಾಟಲಿಗೆ ತುಂಬಿ ಸ್ವಲ್ಪ ಮಾಲನ್ನು ಇಂಗ್ಲೆಂಡಿಗೆ ಮಾರುತ್ತಾರೆ. ಬ್ರೆಕ್ಸಿಟ್ ಆದಾಗಿನಿಂದ ಅದಕ್ಕೆ ಖರ್ಚು ಜಾಸ್ತಿ ಎಂದು ನಮ್ಮ ದರ ಇಳಿಸಲು ಕೇಳುತ್ತಾರೆ. ಇದು ನಿಜವೋ ನೆಪವೋ?
– ಗರ್ಕಿನ್ ರಫ್ತುದಾರರು, ತುಮಕೂರು ಜಿಲ್ಲೆ

ಉತ್ತರ: ನೆಪವಲ್ಲ. ಮೊದಲು ರಾಟರ್‌ಡ್ಯಾಮ್‌ನಲ್ಲಿ ಒಮ್ಮೆ ಸುಂಕ ಕಟ್ಟಿದರೆ ಮಾಲು ಲಂಡನ್ ತನಕ ತಡೆಯಿಲ್ಲದೆ ಹೋಗುತ್ತಿತ್ತು. ಈಗ ಬ್ರಿಟನ್ ಮತ್ತು ಒಕ್ಕೂಟದ ನಡುವಿನ ಶೂನ್ಯ ಸುಂಕ ಅವರವರ ನೆಲದ ಸರಕಿಗೆ ಮಾತ್ರ. ಡ್ರಮ್ಮಿನಿಂದ ಬಾಟಲಿಗೆ ತುಂಬಿದ ಮಾತ್ರಕ್ಕೆ ನಿಮ್ಮ ಸೌತೆ ಡಚ್ ಸರಕು ಆಗುವುದಿಲ್ಲ, ಭಾರತದ ಸರಕಾಗಿಯೇ ಉಳಿಯುತ್ತದೆ. ಹಾಗಾಗಿ ಇಂಗ್ಲೆಂಡಿನಲ್ಲಿ ಅದಕ್ಕೆ ಇನ್ನೊಮ್ಮೆ ಸುಂಕ ಬೀಳಬಹುದು.

ಆದರೆ ಆ ಹೊರೆಯನ್ನೆಲ್ಲ ನೀವೇ ಹೊರಬೇಕಿಲ್ಲ. ಇಂಗ್ಲೆಂಡಿಗೆ ಹೋಗುವ ಪಾಲು ಎಷ್ಟು ಎಂದು ವರ್ತಕರನ್ನು ಕೇಳಿ. ಕಂಟೇನರ್ ತುಂಬುವಷ್ಟಿದ್ದರೆ ಫೆಲಿಕ್ಸ್‌ಸ್ಟೋ ಬಂದರಿಗೇ ನೇರ ಕಳಿಸುವ ಲೆಕ್ಕ ಹಾಕಿ. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದ ನಮ್ಮ ಶೇ 99ರಷ್ಟು ಬಗೆಯ ಸರಕುಗಳಿಗೆ ಸುಂಕ ತೆಗೆಯುತ್ತದೆ. ಒಕ್ಕೂಟದಲ್ಲಿ ಇದ್ದಿದ್ದರೆ ಬ್ರಿಟನ್ ಇಂಥ ಒಪ್ಪಂದ ತಾನೊಬ್ಬನೇ ಮಾಡಿಕೊಳ್ಳುವಂತಿರಲಿಲ್ಲ. ಅದರ ಲಾಭ ಸಿಗಬೇಕಾದರೆ ಮಾಲು ಭಾರತದ್ದೇ ಎಂಬ ಮೂಲದ ದಾಖಲೆ ಸರಿಯಿರಬೇಕು. ರೈತರಿಂದ ಕೊಂಡ ದಿನದ ಚೀಟಿಯಿಂದ ಹಿಡಿದು ಡ್ರಮ್ಮಿನ ಲಾಟ್ ನಂಬರ್ ತನಕ ಎಲ್ಲವನ್ನೂ ಜೋಡಿಸಿಡಿ. ನೀವೇ ಬಾಟಲಿ ತುಂಬುವುದಾದರೆ ಲೇಬಲ್ ಮೇಲೆ ಬ್ರಿಟನ್ನಿನ ಆಮದುದಾರರ ವಿಳಾಸ ಇರಲಿ. 2024ರ ಜನವರಿಯಿಂದ ನೆದರ್ಲೆಂಡ್ಸ್ ವಿಳಾಸ ಮಾತ್ರ ಇರುವ ಬಾಟಲಿಯನ್ನು ಇಂಗ್ಲೆಂಡಿನ ಅಂಗಡಿಯಲ್ಲಿ ಇಡುವಂತಿಲ್ಲ.