ನಗರದ ಕಸದಿಂದ ಉರುವಲು ಹೇಗೆ ಸಿಗುತ್ತದೆ?

ಸಂಸ್ಕರಣಾ ಘಟಕದಲ್ಲಿ ಕಸವನ್ನು ಮೊದಲು ತಿರುಗುವ ಜರಡಿಗೆ ಹಾಕುತ್ತಾರೆ. ಮಣ್ಣು, ಕೊಳೆತ ಆಹಾರದ ಚೂರು ಕೆಳಗೆ ಉದುರಿ ಗೊಬ್ಬರದ ಕಡೆಗೆ ಹೋಗುತ್ತವೆ. ಕಬ್ಬಿಣವನ್ನು ಅಯಸ್ಕಾಂತ ಎಳೆದುಕೊಳ್ಳುತ್ತದೆ. ಮರುಬಳಕೆಗೆ ಬಾರದ ಚಿಪ್ಸ್ ಪೊಟ್ಟಣ, ಹರಿದ ಬಟ್ಟೆ, ಕೊಳಕು ಕಾಗದಗಳನ್ನು ಕತ್ತರಿಸಿ ಒಣಗಿಸಿದರೆ ಅದೇ ಉರುವಲು. ಸಿಮೆಂಟ್ ಕಾರ್ಖಾನೆಗಳು ಇದನ್ನು ಕಲ್ಲಿದ್ದಲಿನ ಜೊತೆ ಸುಡುತ್ತವೆ. ಗೂಡಿನೊಳಗೆ ಸುಮಾರು 1450 ಡಿಗ್ರಿ ಸೆಲ್ಸಿಯಸ್ ಬಿಸಿ. ಬೂದಿಯೂ ಕ್ಲಿಂಕರ್‌ನಲ್ಲೇ, ಅಂದರೆ ಪುಡಿಮಾಡಿ ಸಿಮೆಂಟ್ ಮಾಡುವ ಸುಟ್ಟ ಗಟ್ಟಿಗಳಲ್ಲೇ, ಬೆರೆತುಹೋಗುತ್ತದೆ. ನನಗೆ ಬಹಳ ಮೆಚ್ಚುಗೆಯಾದ ಅಂಶವಿದು. ಆದರೆ ಪೈಪುಗಳಿಗೆ ಬಳಸುವ ಪಿವಿಸಿ ಪ್ಲಾಸ್ಟಿಕ್ ಸೇರಬಾರದು, ಅದರ ಕ್ಲೋರಿನ್ ಗೂಡಿಗೂ ಗಾಳಿಗೂ ಕೆಡುಕು.

ಕಿಲೋಗೆ 1500 ಕಿಲೋಕ್ಯಾಲರಿ ಅಥವಾ ಅದಕ್ಕಿಂತ ಹೆಚ್ಚು ಶಾಖ ಕೊಡುವ, ಮರುಬಳಕೆಯಾಗದ ಕಸವನ್ನು ಹೂಳಬಾರದು ಎಂದು 2016ರ ಘನತ್ಯಾಜ್ಯ ನಿಯಮಗಳು ಹೇಳಿದ್ದವು. ನಮ್ಮ ಕಸದ ದೊಡ್ಡ ತೊಡಕು ತೇವ. ಮೊಸರನ್ನ ಮೆತ್ತಿದ ಪ್ಲಾಸ್ಟಿಕ್ ಚೀಲ ಉರಿಯುವ ಮೊದಲು ನೀರನ್ನು ಆವಿಯಾಗಿಸಲೇ ಶಾಖ ಖರ್ಚಾಗುತ್ತದೆ. ಹಸಿ, ಒಣ ಕಸವನ್ನು ದಯವಿಟ್ಟು ಅಡುಗೆಮನೆಯಲ್ಲೇ ಬೇರ್ಪಡಿಸಿ.