ಡಿಸೆಂಬರ್ ಕೊನೇಲಿ ಹಾಕಿದ ಭತ್ತದ ಒಟ್ಲು (ಸಸಿಮಡಿ) ಹಳದಿಯಾಗಿ ನಿಂತಿರೋದಕ್ಕೆ

ಗೌರಿಬಿದನೂರು ಕಡೆ ಐಆರ್-64 ತಳಿ ಭತ್ತದ ಒಟ್ಲು 22 ದಿನ ಆದ್ರೂ ಹಳದಿಯಾಗೇ ಇದೆ, ಮೇಲೇಳ್ತಿಲ್ಲ ಅಂದ್ರಲ್ಲ, ಅದು ಬಹುಶಃ ಚಳಿಗೇ. ರಾತ್ರಿ 15 ಡಿಗ್ರಿಗಿಂತ ಕೆಳಗೆ ಹೋದ್ರೆ ಬೇರು ಗೊಬ್ಬರ ಸರಿಯಾಗಿ ಎಳ್ಕೊಳಲ್ಲ, ಹಂಗಾಗಿ ಮೊದ್ಲು ಯೂರಿಯಾ ಸುರಿಯೋದು ನಿಲ್ಸಿ, ನಾನೂ ಒಂದ್ಸಲ ಸುರಿದು ದುಡ್ಡು ದಂಡ ಮಾಡ್ಕೊಂಡಿದ್ದೆ.

ಸಂಜೆ ಬೋರ್‌ವೆಲ್ ನೀರು ಬಿಡಿ, ಅದು ಬೆಚ್ಚಗಿರತ್ತೆ, ರಾತ್ರಿಯೆಲ್ಲಾ ಮಡೀಲಿ ನಿಂತಿರ್ಲಿ, ಬೆಳಿಗ್ಗೆ ತಣ್ಣಗಾಗಿರೋದನ್ನ ಬಸಿದುಬಿಡಿ. ಹಂಗೇ ಇಬ್ರು ಒಂದು ಹಗ್ಗ ಹಿಡ್ಕೊಂಡು ಪೈರಿನ ಮೇಲೆ ಎಳೆದ್ರೆ ಇಬ್ಬನಿ ಉದುರತ್ತೆ.

ಫೋಟೋ ಇಲ್ದೆ ಸತುವಿನ (ಜಿಂಕ್) ಕೊರತೆ ಇಲ್ಲ ಅಂತ ಹೇಳಕ್ಕಾಗಲ್ಲ. ಗರಿ ಮೇಲೆ ತುಕ್ಕಿನಂಥ ಕಂದು ಚುಕ್ಕೆ, ಎಳೇ ಗರಿ ಬುಡದಲ್ಲಿ ನಡುನರ ಬೆಳ್ಳಗೆ ಕಂಡ್ರೆ ಲೀಟರ್‌ಗೆ 5 ಗ್ರಾಂ ಜಿಂಕ್ ಸಲ್ಫೇಟು, 2.5 ಗ್ರಾಂ ಸುಣ್ಣ ಹಾಕಿ ಸೋಸಿ ಸಿಂಪಡಿಸಿ.

ನಾಟಿಗೆ ದಿನ ಎಣಿಸ್ಬೇಡಿ, 4-5 ಗರಿ ಬಂದ್ಮೇಲೆ ಕೀಳಿ. ಆದ್ರೆ ಫೆಬ್ರವರಿ ಮಧ್ಯ ದಾಟಿಸ್ಬೇಡಿ, ಹೂವು ಏಪ್ರಿಲ್ ಬಿಸಿಲಿಗೆ ಸಿಕ್ಕಿ 35 ಡಿಗ್ರಿ ಮೇಲೆ ಹೋದ್ರೆ ಜೊಳ್ಳು ಜಾಸ್ತಿ. ಒಟ್ಲು ಪೂರ್ತಿ ಹೋದ್ರೂ ಜಯದಂಥ ದೀರ್ಘಾವಧಿ ತಳಿ ಈಗ ಬಿತ್ತಬೇಡಿ.