ಪ್ರತಿಕ್ರಿಯೆ: ಆನ್‌ಲೈನ್ ರಮ್ಮಿ ಜೂಜು ಬಿಡ್ತೀನಿ ಅಂತ ಪ್ರಾರ್ಥಿಸಿ ಮತ್ತೆ ಬಿದ್ದೆ, ದೇವರು ಕೈಬಿಟ್ಟನಾ?

ಕೈಬಿಟ್ಟಿಲ್ಲ. ನೀವು ಪಾಪವನ್ನು ಅರಿಕೆ ಮಾಡುತ್ತಿಲ್ಲ, ಹರಕೆ ಹೊರುತ್ತಿದ್ದೀರಿ, ತೊಂದರೆ ಅಲ್ಲೇ ಇರಬೇಕು. "ಇನ್ನು ಆಡಿದರೆ ಕೇಳು ಕರ್ತನೇ" ಅಂತ ಮಾತು ಕೊಡುವುದು, ಮುರಿದಾಗ ನಾಚಿ ದೂರ ಓಡುವುದು. ನಾನೂ ಕುಡಿತದಲ್ಲಿ ಎರಡು ವರ್ಷ ಇದನ್ನೇ ಮಾಡಿದೆ.

ಮೊದಲು ಇವತ್ತು ರಾತ್ರಿ ಬೈಬಲಿನಲ್ಲಿ ಲೂಕ 22:31-34 ಓದಿ. ಶಿಷ್ಯ ಪೇತ್ರ ಯೇಸುವನ್ನು ಅರಿಯೆನೆಂದು ಹೇಳಿ ಇನ್ನೂ ಬಿದ್ದೇ ಇಲ್ಲ, ಜಂಬ ಕೊಚ್ಚುತ್ತಿದ್ದಾನೆ, ಅಷ್ಟರಲ್ಲೇ ಯೇಸು ಅವನ ನಂಬಿಕೆ ಕುಂದಿಹೋಗಬಾರದು ಅಂತ ಪ್ರಾರ್ಥಿಸಿ ಮುಗಿಸಿದ್ದಾನೆ. ಅವನು ತಿರುಗಿ ಬರುವುದನ್ನೂ ಮೊದಲೇ ಹೇಳಿಬಿಟ್ಟಿದ್ದಾನೆ, ಗಮನಿಸಿದ್ರಾ?

ಆಮೇಲೆ ಅರಿಕೆ ಮಾಡಿ. ಎಷ್ಟು ದುಡ್ಡು ಹೋಯಿತು, ಹೆಂಡತಿಗೆ ಏನು ಸುಳ್ಳು ಹೇಳಿದಿರಿ, ಹೆಸರಿಟ್ಟು ಹೇಳಿ. ಮಾತು ಕೊಡಬೇಡಿ. 1 ಯೋಹಾನ 1:9 ಕೇಳುವುದು ಅಷ್ಟೇ.

ಬೆಳಿಗ್ಗೆ ಆ್ಯಪ್ ತೆಗೆದುಹಾಕಿ, ಯುಪಿಐ ಮಿತಿ ಇಳಿಸಿ, ಹೆಂಡತಿಗೆ ಹೇಳಿ. ಇದು ಕಷ್ಟ, ಗೊತ್ತು. ಆದರೆ 1 ಕೊರಿಂಥ 10:13ರಲ್ಲಿರುವ ತಪ್ಪಿಸಿಕೊಳ್ಳುವ ದಾರಿ ನನಗಂತೂ ಸಿಕ್ಕಿದ್ದು ಕುಡಿಯಲು ಹೋಗದಂತೆ ಬೈಕ್ ಕೀ ನನ್ನ ಹೆಂಡತಿ ಕೈಗೆ ಕೊಟ್ಟಾಗಲೇ, ಸುಮ್ನೆ ಮಂಡಿಯೂರಿ ಕೂತಿದ್ದಾಗ ಅಲ್ಲ.

ಮೂರು ತಿಂಗಳಿಂದ ಕರ್ತನ ಭೋಜನ (ಸಭೆಯಲ್ಲಿ ರೊಟ್ಟಿ, ದ್ರಾಕ್ಷಾರಸ ತೆಗೆದುಕೊಳ್ಳುವುದು) ಬಿಟ್ಟಿದ್ದೀರಿ ಅಂದಿರಿ. 1 ಕೊರಿಂಥ 11:28 ಪರೀಕ್ಷಿಸಿಕೊಂಡು ತಿನ್ನಿ ಅನ್ನುತ್ತದೆ, ದೂರ ಇರಿ ಅಂತಲ್ಲ. ಸಭೆಗಳ ಪದ್ಧತಿ ಬೇರೆ ಬೇರೆ, ಹಾಗಾಗಿ ಪಾಸ್ಟರ್ ಹತ್ತಿರ ಒಮ್ಮೆ ಮಾತಾಡಿ.

ಇದು ಚಟವಾಗಿದೆಯಾ ಅಂತ ಇಲ್ಲಿಂದ ಹೇಳಲಾರೆ. ರಾತ್ರಿ ನಿದ್ದೆ ಬಿಟ್ಟು ಸಾಲ ಮಾಡಿ ಆಡುತ್ತಿದ್ದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮೊಬೈಲ್, ಆನ್‌ಲೈನ್ ಆಟದಂಥ ಚಟಗಳಿಗೆ ಶಟ್ ಕ್ಲಿನಿಕ್ ಇದೆ, ಹೋಗಿ ಬನ್ನಿ.